ದೂಳು ಸೋಸುವ ವಿದ್ಯೆ

ಆಷಾಢದ ಗಾಳಿ ಚಳ್ಳಕೆರೆ ಸೀಮೆಗೆ ಮಳೆ ತರುವುದು ಅಪರೂಪ. ದೂಳು ತರುವುದು ಮಾತ್ರ ತಪ್ಪದು. ಹೊತ್ತು ತಂದ ನೀರನ್ನೆಲ್ಲ ಘಟ್ಟದ ಮೇಲೆ ಸುರಿದು ಹಗುರಾದ ಮುಂಗಾರು ಮಾರುತ ಚಿತ್ರದುರ್ಗದ ಬೆಟ್ಟಸಾಲು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಉಳಿದಿರುವುದು ಬೀಸುವ ಕೆಲಸವೊಂದೇ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡಕ್ಕೂ ಕಾಯಂ ಜಾಗವಿದೆ. ಶೇಂಗಾ ಬಿತ್ತನೆಗೆಂದು ಹದಮಾಡಿಟ್ಟ ಕೆಂಪು ಹೊಲದ ಮೇಲ್ಮಣ್ಣು ಎದ್ದು ಊರೊಳಗೆ ಬರುತ್ತದೆ. ಎಣ್ಣೆ ಗಿರಣಿಗಳ ತಗಡಿನ ಮೇಲೆ, ಮೊಳಕಾಲ್ಮುರಿನ ನೇಕಾರರ ಮನೆಯ ಹೊಸ್ತಿಲ ಮೇಲೆ, ಬ್ರಹ್ಮಗಿರಿಯ ಅಶೋಕನ ಶಾಸನದ ಮೇಲೂ ಕೂರುತ್ತದೆ. ಪುರಾತತ್ವದವರಿಗೆ ಇದರಿಂದ ಉಪಕಾರವೇ ಆಗಿದೆಯೆನ್ನಿ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಅಗೆಸಿದಾಗ ದಕ್ಷಿಣ ಭಾರತದ ಪ್ರಾಚೀನ ಜೀವನದ ಕ್ರಮ ತಿಳಿದದ್ದು ಹೀಗೆ ಪದರ ಪದರವಾಗಿ ಕೂತ ಮಣ್ಣಿನಿಂದಲೇ.

ಇಂಥ ದೂಳಿನ ನಾಡಿನ ನಡುವೆ, ದೂಳಿನ ಕಣವೊಂದನ್ನೂ ಸಹಿಸದ ವಿದ್ಯೆಗಳು ಬಂದು ನೆಲೆಯೂರಿದ್ದು ಕಳೆದ ಹದಿನೈದಿಪ್ಪತ್ತು ವರ್ಷಗಳ ಕಥೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹುಟ್ಟಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ತಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳು ಇಲ್ಲಿವೆ. ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರ ಎಂಬ ಹೆಸರುಗಳು ದನ ಕುರಿ ಕಾಯುವವರ ಬಾಯಲ್ಲಷ್ಟೇ ಇದ್ದವು. ಈಗ ಅವು ದಿಲ್ಲಿಯ ಕಡತಗಳಲ್ಲೂ ಇವೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸುಮಾರು 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಹಂಚಿಕೆಯಾಯಿತು. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಇಸ್ರೊದ ಮರುಬಳಕೆಯ ಗಗನನೌಕೆಯ ಮಾದರಿ 2023ರ ಏಪ್ರಿಲ್‌ನಲ್ಲಿ ಮೊದಲ ಬಾರಿ ತಾನಾಗಿಯೇ ಬಂದಿಳಿದದ್ದು ಇದೇ ಓಡುದಾರಿಯ ಮೇಲೆ.

ಉಪಗ್ರಹ, ಕ್ಷಿಪಣಿ, ಸೂಕ್ಷ್ಮ ಚಿಪ್ಪು, ಅಣು ಇಂಧನ ಇವುಗಳಲ್ಲಿ ಯಾವುದನ್ನೇ ತೆಗೆದುಕೊಳ್ಳಿ, ಅದರ ತಯಾರಿಯ ಯಾವುದೋ ಒಂದು ಹಂತದಲ್ಲಿ ಸೋಸಿದ ಗಾಳಿ ಬೇಕೇ ಬೇಕು. ಸೋಸುವ ಸಾಧನದ ಹೆಸರು ಹೆಪಾ. ‘ಹೈ ಎಫಿಶಿಯನ್ಸಿ ಪರ್ಟಿಕ್ಯುಲೇಟ್ ಏರ್’ ಎಂಬ ನಾಲ್ಕು ಪದಗಳ ಮೊದಲಕ್ಷರ ಕೂಡಿಸಿ 1960ರ ದಶಕದ ಆರಂಭದಲ್ಲಿ ಅಮೆರಿಕದ ಅಣುಶಕ್ತಿ ಆಯೋಗದವರು ಚಲಾವಣೆಗೆ ತಂದ ಹೆಸರು ಅದು. ಇಂದು ಮನೆಬಳಕೆಯ ಏರ್ ಪ್ಯೂರಿಫೈಯರ್ ಮಾರುವವರೂ ಈ ಹೆಸರನ್ನು ಮಂತ್ರದಂತೆ ಜಪಿಸುತ್ತಾರೆ. ಆದರೆ ಇದರ ಹುಟ್ಟು ಮನೆಯಲ್ಲಿ ಅಲ್ಲ, ಯುದ್ಧದಲ್ಲಿ. ಅದಕ್ಕೂ ಮುಂಚಿನ ಬೇರು ಹತ್ತಿ, ಉಣ್ಣೆಗಳಲ್ಲಿ. ಅಂದರೆ ಚಳ್ಳಕೆರೆಯವರಿಗೆ ಪರಿಚಯವಿರುವ ಸರಕುಗಳಲ್ಲೇ.

ಗಾಳಿಯಲ್ಲಿ ಏನೋ ಇದೆ, ಅದನ್ನು ಒಳಗೆ ಬಿಟ್ಟುಕೊಳ್ಳಬಾರದು ಎಂಬ ತಿಳಿವಳಿಕೆ ಹಳೆಯದು. ಸಿಂಧೂರದ ಕೆಲಸ ಮಾಡುವ ರೋಮನ್ ಕೂಲಿಗಳು ಪ್ರಾಣಿಗಳ ಮೂತ್ರಕೋಶದ ಚೀಲವನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಆದರೆ ಗಾಳಿಯಲ್ಲಿರುವುದನ್ನು ಹಿಡಿದು ಕಣ್ಣಾರೆ ತೋರಿಸಿದ್ದು ಹತ್ತೊಂಬತ್ತನೆಯ ಶತಮಾನ. ಲೂಯಿ ಪ್ಯಾಶ್ಚರ್ 1860ರ ಸುಮಾರಿಗೆ ಪ್ಯಾರಿಸ್ಸಿನ ಗಾಳಿಯನ್ನು ಕೊಳವೆಯೊಂದರ ಮೂಲಕ ಎಳೆಸಿದ. ಕೊಳವೆಯ ಬಾಯಿಗೆ ಅವನು ತುರುಕಿದ್ದು ಸಾಮಾನ್ಯ ಹತ್ತಿಯಲ್ಲ, ಆಮ್ಲದಲ್ಲಿ ಸಂಸ್ಕರಿಸಿದ ಸಿಡಿಹತ್ತಿ. ಈಥರ್ ಮತ್ತು ಮದ್ಯಸಾರದ ಮಿಶ್ರಣದಲ್ಲಿ ಅದು ಕರಗುತ್ತದೆ. ಹತ್ತಿ ಕರಗಿ ಹೋದ ಮೇಲೆ ತಳದಲ್ಲಿ ಉಳಿದ ದೂಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದರಲ್ಲಿ ಶಿಲೀಂಧ್ರದ ಬೀಜಾಣುಗಳಂಥ ಜೀವಕಣಗಳು! ಜೀವ ತಾನಾಗಿಯೇ ಹುಟ್ಟುವುದಿಲ್ಲ, ಗಾಳಿಯ ದೂಳಿನ ಜೊತೆ ಬರುತ್ತದೆ ಎಂಬ ಅವನ ವಾದಕ್ಕೆ ಇದೂ ಒಂದು ಸಾಕ್ಷಿಯಾಯಿತು.

ಇದೇ ಪ್ಯಾಶ್ಚರನನ್ನು 1865ರಲ್ಲಿ ಫ್ರೆಂಚ್ ಸರ್ಕಾರ ರೇಷ್ಮೆಹುಳದ ರೋಗ ಪತ್ತೆಗೆ ಅಲೆ ಎಂಬ ಊರಿಗೆ ಕಳಿಸಿತು. ಪೆಬ್ರಿನ್ ಅಥವಾ ಗಂಟುರೋಗಕ್ಕೆ ಅವನು ಕಂಡುಕೊಂಡ ಉಪಾಯ ಬಲು ಸರಳ: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟು ಹಾಕುವುದು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಅದೇ ಪದ್ಧತಿ. ಮೊಳಕಾಲ್ಮುರು ಸೀರೆ ಉಟ್ಟವರು ಅರಿಯದೆಯೇ ಪ್ಯಾಶ್ಚರನಿಗೆ ಋಣಿಗಳು. ಗಾಳಿ ಸೋಸುವ ವಿದ್ಯೆಗೂ ರೇಷ್ಮೆಗೂ ಹೀಗೊಂದು ದೂರದ ನೆಂಟಸ್ತಿಕೆ.

ಪ್ಯಾಶ್ಚರನ ಸಮಕಾಲೀನ ಜಾನ್ ಟಿಂಡಾಲ್ ಭೌತವಿಜ್ಞಾನಿ. ಕತ್ತಲೆ ಕೋಣೆಯೊಳಗೆ ಕಿಂಡಿಯಿಂದ ಬಿಸಿಲುಕೋಲು ಬಿದ್ದಾಗ ಅದರಲ್ಲಿ ದೂಳು ಕುಣಿಯುವುದನ್ನು ನಾವೆಲ್ಲ ನೋಡಿದ್ದೇವೆ. ನೋಡಿ ಸುಮ್ಮನಾಗಿದ್ದೇವೆ. ಟಿಂಡಾಲ್ ಸುಮ್ಮನಾಗಲಿಲ್ಲ. ಆ ಬೆಳಕಿನ ಕೋಲಿಗೆ ಅಡ್ಡಲಾಗಿ ಉಸಿರು ಬಿಟ್ಟು ನೋಡಿದ. ಉಸಿರಿನ ಕೊನೆಯ ಭಾಗ ತಾಗಿದಲ್ಲಿ ಬೆಳಕು ಮಾಯವಾಗಿ ಕಪ್ಪು ತೂತು ಬಿದ್ದಂತಾಯಿತು. ಶ್ವಾಸಕೋಶದ ಆಳಕ್ಕೆ ಹೋದ ಗಾಳಿ ತನ್ನ ದೂಳನ್ನು ಅಲ್ಲೇ ಬಿಟ್ಟು ಬಂದಿತ್ತು! ನಮ್ಮ ಎದೆಗೂಡೇ ಒಂದು ಶೋಧಕ, ಸ್ವಚ್ಛ ಮಾಡಲು ಬಾರದ ಶೋಧಕ, ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಹತ್ತಿಯ ಉಂಡೆಯನ್ನು ಬಾಯಿಗೊತ್ತಿ ಅದರ ಮೂಲಕ ಉಸಿರೆಳೆದು ಬಿಟ್ಟರೆ ಹೊರಬರುವ ಗಾಳಿ ಮೊದಲಿನಿಂದಲೇ ನಿರ್ಮಲವಾಗಿರುತ್ತದೆಂದೂ ಅವನು ತೋರಿಸಿದ. ಅಲ್ಲಿಂದ ಮುಂದೆ ಹತ್ತಿ, ಗ್ಲಿಸರಿನ್, ಇದ್ದಿಲು ಸೇರಿಸಿ ಬೆಂಕಿ ಆರಿಸುವವರಿಗಾಗಿ ಒಂದು ಉಸಿರುಕವಚ ಮಾಡಿಕೊಟ್ಟ. ಹೊಗೆಯ ಕಣ ತಡೆಯಲು ಹತ್ತಿ, ಅನಿಲ ಹೀರಲು ಇದ್ದಿಲು. ಈ ಎರಡು ಕೆಲಸಗಳು ಬೇರೆ ಬೇರೆ ಎಂಬುದನ್ನು ಓದುಗರು ನೆನಪಿಡಬೇಕು. ಮುಂದೆ ಚಳ್ಳಕೆರೆಗೆ ಮರಳಿದಾಗ ಇದು ಬೇಕಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಸೈನಿಕರು ಈ ಪಾಠವನ್ನು ಪ್ರಾಣ ಕೊಟ್ಟು ಕಲಿತರು. 1915ರ ಏಪ್ರಿಲ್‌ನಲ್ಲಿ ಈಪರ್‌ನ ರಣರಂಗದಲ್ಲಿ ಜರ್ಮನರು ಕ್ಲೋರಿನ್ ಹರಿಯಬಿಟ್ಟ ಮೇಲೆ ಇದ್ದಿಲಿನ ಡಬ್ಬಿಯ ಮುಖವಾಡಗಳು ಬಂದವು. 1917ರಲ್ಲಿ ಜರ್ಮನರು ಹೊಸ ವರಸೆ ಹೂಡಿದರು. ಈ ಬಾರಿ ಸಿಡಿದದ್ದು ಅನಿಲವಲ್ಲ, ಆರ್ಸೆನಿಕ್ಕಿನ ಸಂಯುಕ್ತದ ಅತಿ ನವಿರಾದ ಹೊಗೆ. ಇದ್ದಿಲು ಅನಿಲದ ಅಣುಗಳನ್ನು ಹೀರಿಕೊಳ್ಳುತ್ತದೆಯೇ ಹೊರತು ಹೊಗೆಯ ಕಣಗಳನ್ನಲ್ಲ. ಕಣಗಳು ಇದ್ದಿಲಿನ ಸಂದಿಯಲ್ಲಿ ನುಸುಳಿ ಬಂದವು. ಒಳಗಿದ್ದವರು ಸೀನಿ, ಕೆಮ್ಮಿ, ತಾಳಲಾರದೆ ಮುಖವಾಡವನ್ನೇ ಕಿತ್ತೆಸೆಯುವಂತೆ ಮಾಡುವುದು ಅದರ ಹುನ್ನಾರ. ಅಲ್ಲಿಂದಾಚೆಗೆ ಸೇನೆಗಳ ರಸಾಯನ ವಿಭಾಗಗಳಿಗೆಲ್ಲ ಒಂದೇ ಚಿಂತೆ: ಉಸಿರಾಟಕ್ಕೆ ಅಡ್ಡಿಯಾಗದೆ, ಹೊಗೆಯ ಕಣವನ್ನೂ ಬಿಡದೆ ಹಿಡಿಯುವ ಹಾಸು ಯಾವುದು?

ಉತ್ತರದ ಮೊದಲ ಕಂತು ಕುರಿಯ ಮೈಯಿಂದ ಬಂತು. 1930ರಲ್ಲಿ ಹ್ಯಾನ್ಸನ್ ಎಂಬ ಡೆನ್ಮಾರ್ಕಿನವನು ಉಣ್ಣೆಗೆ ರಾಳದ ಪುಡಿ ಬೆರೆಸಿ ಎಕ್ಕಿದರೆ ಅದರ ಸೋಸುವ ಶಕ್ತಿ ಅನೇಕ ಪಟ್ಟು ಹೆಚ್ಚುತ್ತದೆಂದು ಕಂಡುಕೊಂಡ. ತಿಕ್ಕಾಟದಿಂದ ರಾಳದ ಕಣಗಳಲ್ಲಿ ವಿದ್ಯುದಂಶ ಕೂರುತ್ತದೆ. ಅದು ದೂಳನ್ನು ತನ್ನತ್ತ ಸೆಳೆಯುತ್ತದೆ. ಒಣ ಹವೆಯಲ್ಲಿ ಕಂಬಳಿ ಕೊಡವಿದರೆ ಚಿಟಿಚಿಟಿ ಎನ್ನುತ್ತದಲ್ಲ, ಅದೇ ಸಂಗತಿ. ಚಳ್ಳಕೆರೆ ಸೀಮೆಯ ಕುರುಬರು ತಲೆತಲಾಂತರದಿಂದ ಉಣ್ಣೆ ಎಕ್ಕಿ, ನೂತು, ಹುಣಸೆ ಬೀಜದ ಅಂಟು ಕುಡಿಸಿ ಕಂಬಳಿ ನೇಯ್ದವರು. ಆ ಕಂಬಳಿಯ ಕೊಪ್ಪೆ ಹಾಕಿ ಗಾಳಿಗೆ ಬೆನ್ನು ತಿರುಗಿಸಿ ನಿಂತ ಕುರಿಗಾಹಿಗೆ ಅದು ಮಳೆಯಷ್ಟೇ ದೂಳನ್ನೂ ತಡೆಯುತ್ತಿತ್ತು. ಹಾಗೆಂದು ಹೆಪಾ ನಮ್ಮಲ್ಲೇ ಹುಟ್ಟಿತೆಂದು ಕೊಚ್ಚಿಕೊಳ್ಳುವ ಅಗತ್ಯವಿಲ್ಲ. ದಖ್ಖನಿ ಕುರಿಯ ಉಣ್ಣೆ ಬಲು ಒರಟು. ಸೂಕ್ಷ್ಮ ಕಣಗಳನ್ನು ಹಿಡಿಯಲು ಅದರ ಹತ್ತಾರು ಪಾಲು ನವಿರಾದ ಎಳೆ ಬೇಕು. ತತ್ತ್ವ ಮಾತ್ರ ಒಂದೇ, ಎಳೆಗಳ ಗೋಜಲು.

ಅಂಥ ನವಿರು ಎಳೆ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಆರಂಭದಲ್ಲಿ. ಜರ್ಮನ್ ಸೈನಿಕರಿಂದ ವಶಪಡಿಸಿಕೊಂಡ ಮುಖವಾಡದ ಡಬ್ಬಿಗಳನ್ನು ಬ್ರಿಟಿಷರು ಬಿಚ್ಚಿ ನೋಡಿದಾಗ ಒಳಗಿದ್ದದ್ದು ಒಂದು ಮಡಿಕೆಯ ಕಾಗದ. ಹುಲ್ಲಿನ ನಾರಿನ ಜೊತೆ ಅತಿ ಸಣ್ಣ ಕಲ್ನಾರಿನ ಎಳೆಗಳನ್ನು ಬೆರೆಸಿ ಮಾಡಿದ್ದು. ಆ ಗುಟ್ಟು ಅಟ್ಲಾಂಟಿಕ್ ದಾಟಿತು. ಅಮೆರಿಕದ ಸೇನೆ ಅದನ್ನು ಕಾಗದದ ಕಾರ್ಖಾನೆಯಲ್ಲಿ ಸುರುಳಿ ಸುರುಳಿಯಾಗಿ ತಯಾರಿಸಿತು. ಅಷ್ಟರಲ್ಲಿ ಅಣುಬಾಂಬಿನ ಮ್ಯಾನ್‌ಹಟನ್ ಯೋಜನೆ ಆರಂಭವಾಗಿತ್ತು. ಯುರೇನಿಯಂ, ಪ್ಲುಟೋನಿಯಂ ಕೆಲಸದ ಕೋಣೆಗಳಿಂದ ಹೊರಹೋಗುವ ಗಾಳಿಯನ್ನು ಸೋಸದೆ ಬಿಡುವಂತಿರಲಿಲ್ಲ. ಮುಖವಾಡದ ಡಬ್ಬಿಯಲ್ಲಿದ್ದ ಕಾಗದವೇ ದೊಡ್ಡ ಚೌಕಟ್ಟಿಗೇರಿ ಕಟ್ಟಡದ ಮೂಗಾಯಿತು. ವಿಪರ್ಯಾಸ ನೋಡಿ: ವಿಷದಿಂದ ಎದೆ ಕಾಯಬೇಕಾದ ಕಾಗದದಲ್ಲಿದ್ದ ಕಲ್ನಾರೇ ಎದೆರೋಗಕ್ಕೆ ಮೂಲವೆಂದು ಆಮೇಲೆ ಜಗತ್ತಿಗೆ ಮನವರಿಕೆಯಾಯಿತು. 1950ರ ದಶಕದಲ್ಲಿ ಅದರ ಜಾಗಕ್ಕೆ ಗಾಜಿನ ಎಳೆ ಬಂತು. ಇಂದಿನ ಹೆಪಾ ಶೋಧಕಗಳಲ್ಲಿ ಬಹುಪಾಲಿನವುಗಳ ಒಳಗಿರುವುದು ಗಾಜಿನ ಎಳೆಯ ಕಾಗದವೇ.

ಇದು ಕೆಲಸ ಮಾಡುವ ರೀತಿಯ ಬಗ್ಗೆ ಒಂದು ತಪ್ಪು ಕಲ್ಪನೆ ಸಾಮಾನ್ಯ. ಜರಡಿಯಂತೆ, ಕಣ್ಣಿಗಿಂತ ದೊಡ್ಡದು ಮೇಲೆ, ಸಣ್ಣದು ಕೆಳಗೆ ಎಂದು ನಾವು ತಿಳಿಯುತ್ತೇವೆ. ಹೆಪಾ ಜರಡಿಯಲ್ಲ, ಜಾಲಿಯ ಮೆಳೆ. ಮೆಳೆಯೊಳಗೆ ಗಾಳಿ ಬಳಸಿ ಬಳಸಿ ಸಾಗುತ್ತದೆ. ಅದರ ಜೊತೆ ಹೊರಟ ದೊಡ್ಡ ಕಣ, ಹೇರು ತುಂಬಿದ ಲಾರಿಯ ಹಾಗೆ, ತಿರುವಿನಲ್ಲಿ ತಿರುಗಲಾರದೆ ನೇರ ಹೋಗಿ ಎಳೆಗೆ ಗುದ್ದುತ್ತದೆ. ಮಧ್ಯಮ ಗಾತ್ರದ್ದು ಗಾಳಿಯ ಜೊತೆ ತಿರುಗಿದರೂ ಎಳೆಯ ಪಕ್ಕದಲ್ಲೇ ಸವರಿಕೊಂಡು ಹೋಗುವಾಗ ಮೈ ತಾಗಿ ಸಿಕ್ಕಿಕೊಳ್ಳುತ್ತದೆ. ಇನ್ನು ತೀರಾ ಸಣ್ಣ ಕಣ? ಅದನ್ನು ಗಾಳಿಯ ಅಣುಗಳು ಆ ಕಡೆಯಿಂದ ಈ ಕಡೆಯಿಂದ ತಳ್ಳಾಡುತ್ತಿರುತ್ತವೆ. ಹಗ್ಗ ಬಿಚ್ಚಿದ ಕರುವಿನ ಹಾಗೆ ಅದು ನೇರ ದಾರಿ ಹಿಡಿಯುವುದೇ ಇಲ್ಲ. ಇದಕ್ಕೆ ಬ್ರೌನಿಯನ್ ಚಲನೆ ಎನ್ನುತ್ತಾರೆ. 1905ರಲ್ಲಿ ಐನ್‌ಸ್ಟೈನ್ ಇದರ ಲೆಕ್ಕ ಕೊಟ್ಟರು. ಹಾಗೆ ಅಡ್ಡಾದಿಡ್ಡಿ ಓಡುವ ಕಣ ಇಂದಲ್ಲ ನಾಳೆ ಎಳೆಗೆ ತಾಗಲೇಬೇಕು. ತಾಗಿದ ಮೇಲೆ ಅಷ್ಟು ಸಣ್ಣ ವಸ್ತು ಬಿಡಿಸಿಕೊಂಡು ಹೋಗಲಾರದು, ಜಾಲಿ ಮುಳ್ಳಿಗೆ ಸಿಕ್ಕ ಉಣ್ಣೆಯಂತೆ ಅಲ್ಲೇ ಉಳಿಯುತ್ತದೆ.

ಹಾಗಾದರೆ ಹಿಡಿಯಲು ಕಷ್ಟವಾದದ್ದು ಯಾವುದು? ಗುದ್ದುವಷ್ಟು ದೊಡ್ಡದೂ ಅಲ್ಲದ, ಅಲೆಯುವಷ್ಟು ಸಣ್ಣದೂ ಅಲ್ಲದ ನಡುವಿನದು. ಸುಮಾರು 0.3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲಿಗೆ ಹತ್ತಿರ. ನೊಬೆಲ್ ಪುರಸ್ಕೃತ ಇರ್ವಿಂಗ್ ಲ್ಯಾಂಗ್ಮುಯಿರ್ ಯುದ್ಧಕಾಲದಲ್ಲಿ, 1942ರ ಸುಮಾರಿಗೆ, ಈ ಲೆಕ್ಕ ಹಾಕಿದ. ಆದ್ದರಿಂದ ಹೆಪಾ ಶೋಧಕದ ಪರೀಕ್ಷೆಯೂ ಅದೇ ಗಾತ್ರದ ಕಣಗಳಿಂದ. 0.3 ಮೈಕ್ರಾನಿನ 10,000 ಕಣಗಳನ್ನು ಬಿಟ್ಟರೆ ಮೂರಕ್ಕಿಂತ ಹೆಚ್ಚು ಆಚೆ ಹೋಗಕೂಡದು, ಶೇ 99.97 ಎಂದು ಜಾಹೀರಾತುಗಳಲ್ಲಿ ಕಾಣುವ ಸಂಖ್ಯೆ ಇದು. ಕೊರೊನಾ ಕಾಲದಲ್ಲಿ, ‘ವೈರಾಣುವಿನ ಗಾತ್ರ 0.1 ಮೈಕ್ರಾನ್, ಶೋಧಕದ್ದು 0.3. ಹಾಗಿದ್ದರೆ ಅದು ತೂರಿಕೊಂಡು ಹೋಗುವುದಿಲ್ಲವೆ?’ ಎಂದು ಓದಿಕೊಂಡವರೇ ಕೇಳುತ್ತಿದ್ದರು. ಹೋಗುವುದಿಲ್ಲ. 0.3ಕ್ಕಿಂತ ಸಣ್ಣದು ಸಿಕ್ಕಿಬೀಳುವ ಸಂಭವ ಇನ್ನೂ ಹೆಚ್ಚು. ಅದೂ ಅಲ್ಲದೆ ವೈರಾಣು ಒಂಟಿಯಾಗಿ ತಿರುಗುವುದು ಕಡಿಮೆ. ಎಂಜಲಿನ ತುಂತುರಿನ ಜೊತೆಗೇ ಅದರ ಪ್ರಯಾಣ. ಎನ್-95 ಮುಖಗವಸಿನ ತತ್ತ್ವದಲ್ಲಿ ಹ್ಯಾನ್ಸನ್‌ನ ಉಣ್ಣೆಯ ಅಂಶವೂ ಇದೆ. ಅದರ ಪ್ಲಾಸ್ಟಿಕ್ ಎಳೆಗಳಿಗೆ ವಿದ್ಯುದಂಶ ಕೂರಿಸಿರುತ್ತಾರೆ. ಸೋಪು ನೀರಲ್ಲಿ ಒಗೆದು ಒಣಹಾಕಿದವರು ದುಡ್ಡು ಕೊಟ್ಟು ತಂದ ಆ ಗುಣವನ್ನೇ ತೊಳೆದು ಹಾಕಿದರು.

ಇಷ್ಟು ದಟ್ಟವಾದ ಕಾಗದದ ಮೂಲಕ ಗಾಳಿ ನೂಕುವುದು ಹೇಗೆ? ಕಾಗದವನ್ನು ಬೀಸಣಿಗೆಯಂತೆ ಮಡಿಸಿ ಮಡಿಸಿ ಇಡುವುದರಲ್ಲಿ ಜಾಣ್ಮೆಯಿದೆ. ಎರಡಡಿ ಅಗಲ, ಎರಡಡಿ ಎತ್ತರ, ಒಂದಡಿ ದಪ್ಪದ ಪೆಟ್ಟಿಗೆಯಲ್ಲಿ 200 ಚದರಡಿಗೂ ಮೀರಿದ ಕಾಗದ ಹಿಡಿಸುತ್ತದೆ. ಹೀಗಾಗಿ ನಿಮಿಷಕ್ಕೆ 1,000 ಘನ ಅಡಿ ಗಾಳಿ ಪೆಟ್ಟಿಗೆ ಹೊಕ್ಕರೂ ಕಾಗದವನ್ನು ದಾಟುವಾಗ ಅದರ ವೇಗ ಸೆಕೆಂಡಿಗೆ ಒಂದು ಅಂಗುಲದಷ್ಟು ಮಾತ್ರ. ಇನ್ನೊಂದು ಸ್ವಾರಸ್ಯವೆಂದರೆ ದೂಳು ತುಂಬುತ್ತ ಹೋದಂತೆ ಇದು ಮತ್ತೂ ಚೆನ್ನಾಗಿ ಸೋಸುತ್ತದೆ, ಹಿಡಿದ ದೂಳೇ ಮುಂದಿನ ದೂಳಿಗೆ ಬಲೆಯಾಗುತ್ತದೆ. ಆದರೆ ಗಾಳಿ ನೂಕುವ ಫ್ಯಾನಿಗೆ ಕಷ್ಟ, ವಿದ್ಯುತ್ತಿನ ಬಿಲ್ಲಿಗೆ ಇನ್ನೂ ಕಷ್ಟ. ಆದ್ದರಿಂದ ಚಳ್ಳಕೆರೆಯಂಥ ದೂಳಿನೂರಲ್ಲಿ ಹೆಪಾ ಒಂದನ್ನೇ ಕೂರಿಸಿದರೆ ಬೇಗ ಕಟ್ಟಿಕೊಳ್ಳುತ್ತದೆ. ಅದರ ಮುಂದೆ ಒರಟು ಎಳೆಯ ಒಂದು ಹಾಸು, ಆಮೇಲೆ ಅದಕ್ಕಿಂತ ನಯವಾದ ಚೀಲ, ಕೊನೆಗೆ ಹೆಪಾ ಎಂದು ಸಾಲಾಗಿ ನಿಲ್ಲಿಸಬೇಕು. ಸಾಲಿನ ಮೊದಲನೆಯದು ಕಂಬಳಿಯ ವಂಶಸ್ಥನೇ.

ಅಣು ಉದ್ಯಮದಲ್ಲಿ ಶೋಧಕಗಳ ನಿಜವಾದ ಪರೀಕ್ಷೆ ನಡೆದದ್ದು 1957ರಲ್ಲಿ, ಒಂದು ತಿಂಗಳ ಅಂತರದಲ್ಲಿ ಎರಡು ಸಲ. ಸೆಪ್ಟೆಂಬರ್ 11ರಂದು ಅಮೆರಿಕದ ಡೆನ್ವರ್ ನಗರದ ಸಮೀಪ ರಾಕಿ ಫ್ಲ್ಯಾಟ್ಸ್ ಎಂಬಲ್ಲಿ ಪ್ಲುಟೋನಿಯಂ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಗಿನ ಜನರನ್ನು ಕಾಯಬೇಕಾದ ಶೋಧಕಗಳಿಗೇ ಬೆಂಕಿ ಹತ್ತಿಕೊಂಡಿತು, ಏಕೆಂದರೆ ಅವು ಉರಿಯಬಲ್ಲ ನಾರಿನವು. ಪ್ಲುಟೋನಿಯಂ ಹೊಗೆಯ ಜೊತೆ ಹೊರಹೋಯಿತು. ಉರಿಯದ ಶೋಧಕಗಳೇ ಬೇಕೆಂಬ ನಿಯಮ ಬಿಗಿಯಾದದ್ದು ಈ ಪೆಟ್ಟಿನ ಮೇಲೆ.

ಅಕ್ಟೋಬರ್ 10ರಂದು ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ರಿಯಾಕ್ಟರೊಂದರ ಒಡಲು ಹೊತ್ತಿ ಉರಿಯಿತು. ಅಲ್ಲಿನ 400 ಅಡಿಯ ಚಿಮಣಿಗಳ ನೆತ್ತಿಯ ಮೇಲೆ ಕಟ್ಟಡದಂಥ ಶೋಧಕ ಗೂಡುಗಳಿದ್ದವು. ವಿಜ್ಞಾನಿ ಜಾನ್ ಕಾಕ್‌ಕ್ರಾಫ್ಟ್ ಹಟ ಹಿಡಿದು ಅವನ್ನು ಇರಿಸಿದ್ದ. ಅಷ್ಟರಲ್ಲಿ ಚಿಮಣಿಯ ಕೆಲಸ ಬಹಳ ಮುಂದುವರಿದಿದ್ದರಿಂದ ಬುಡದಲ್ಲಿಡಬೇಕಾದದ್ದನ್ನು ತುದಿಯಲ್ಲಿ ಇಡಬೇಕಾಯಿತು. ದಂಡದ ಖರ್ಚೆಂದು ಜೊತೆಗಿದ್ದವರೇ ಅದನ್ನು ‘ಕಾಕ್‌ಕ್ರಾಫ್ಟನ ಹುಚ್ಚು’ ಎಂದು ಗೇಲಿ ಮಾಡುತ್ತಿದ್ದರು. ಬೆಂಕಿಯ ದಿನ ಆ ಹುಚ್ಚೇ ಸುತ್ತಲ ಹಳ್ಳಿಗಳನ್ನು ಇನ್ನೂ ದೊಡ್ಡ ಕೇಡಿನಿಂದ ಕಾಪಾಡಿತು. ಆದರೆ ಪೂರ್ತಿ ಕಾಪಾಡಲಿಲ್ಲ. ಕಣಗಳನ್ನು ಶೋಧಕ ಬಹುಮಟ್ಟಿಗೆ ಹಿಡಿಯಿತು. ಆವಿಯಾಗಿದ್ದ ವಿಕಿರಣಶೀಲ ಅಯೋಡಿನ್ ಹಾಯ್ದು ಹೋಯಿತು. ಅದು ಹುಲ್ಲಿನ ಮೇಲೆ ಕೂತು, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬಂತು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಬೇಕಾಯಿತು.

ಅಣು ಕಾರ್ಖಾನೆಯಲ್ಲಿ ಶೋಧಕದ ಮುಖ ಹೊರಕ್ಕೆ. ಒಳಗಿನದು ಹೊರಗಿನವರಿಗೆ ತಾಗದಿರಲೆಂದು. ಅದೇ ಸಾಧನವನ್ನು ಒಳಮುಖವಾಗಿ ತಿರುಗಿಸಿ, ಹೊರಗಿನ ದೂಳಿನಿಂದ ಒಳಗಿನದನ್ನು ಕಾಯುವ ಉಪಾಯ ಹೂಡಿದವನು ವಿಲಿಸ್ ವಿಟ್‌ಫೀಲ್ಡ್. ಹತ್ತಿ ಬೆಳೆಗಾರನ ಮಗ. ಮರುಭೂಮಿಯ ನ್ಯೂ ಮೆಕ್ಸಿಕೊದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿದ್ದ. ಬಾಂಬಿನ ಬಿಡಿಭಾಗಗಳು ಚಿಕ್ಕದಾಗುತ್ತ ಹೋದಂತೆ ಒಂದು ದೂಳಿನ ಕಣವೂ ಯಂತ್ರ ಕೆಡಿಸುತ್ತಿತ್ತು. ಎಷ್ಟು ಗುಡಿಸಿ ಒರೆಸಿದರೂ ಪ್ರಯೋಜನವಿಲ್ಲ, ಏಕೆಂದರೆ ಮನುಷ್ಯನೇ ನಡೆದಾಡುವ ದೂಳಿನ ಕಾರ್ಖಾನೆ. ಕೋಣೆಯ ಗಾಳಿಯನ್ನು ಕದಡದೆ, ಛಾವಣಿಯ ಹೆಪಾ ಶೋಧಕಗಳಿಂದ ಒಂದೇ ಸಮನೆ ಇಳಿಸಿ ನೆಲದ ಜಾಲರಿಯಲ್ಲಿ ಎಳೆದುಕೊಂಡರೆ ಹುಟ್ಟಿದ ದೂಳು ಹುಟ್ಟಿದಲ್ಲೇ ಕೊಚ್ಚಿಹೋಗುತ್ತದೆ ಎಂಬುದು ಅವನ ಉಪಾಯ. 1962ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದಾಗ ನಂಬದವರಿದ್ದರು. ಕಣ ಎಣಿಸುವ ಉಪಕರಣ ಸೊನ್ನೆಯ ಹತ್ತಿರ ತೋರಿಸಿದ್ದನ್ನು ಕಂಡು ಉಪಕರಣವೇ ಕೆಟ್ಟಿದೆಯೆಂದು ಭಾವಿಸಿದ್ದರು. ಮರುವರ್ಷವೇ ಶುಭ್ರಕೋಣೆಗಳಿಗೆ ಅಮೆರಿಕದಲ್ಲಿ ಮಾನದಂಡ ಬಂತು: ನೂರನೆಯ ದರ್ಜೆಯ ಕೋಣೆಯೆಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮೇಲ್ಪಟ್ಟ ಕಣಗಳು ನೂರನ್ನು ಮೀರಬಾರದು. ಬೀದಿಯ ಗಾಳಿಯಲ್ಲಿ ಅವು ಲಕ್ಷಗಳ ಲೆಕ್ಕದಲ್ಲಿರುತ್ತವೆ.

ಕರ್ನಾಟಕಕ್ಕೆ ಶುಭ್ರಕೋಣೆಯ ಶಿಸ್ತು ಬಂದದ್ದು ಬೆಂಗಳೂರಿನ ಮೂಲಕ. 1960ರ ದಶಕದಲ್ಲಿ ಜಾಲಹಳ್ಳಿಯ ಬಿಇಎಲ್‌ನಲ್ಲಿ ಟ್ರಾನ್ಸಿಸ್ಟರ್ ತಯಾರಿ ಶುರುವಾಯಿತು. ಆಮೇಲೆ ಉಡುಪಿ ಸಮೀಪದ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳೊಳಗೆ ಆರ್ಯಭಟ ಉಪಗ್ರಹ ರೂಪು ತಳೆಯಿತು. ಸುತ್ತ ಲೇತು, ಗ್ರೈಂಡರುಗಳ ಸದ್ದು, ದೂಳು. ಒಳಗೆ ಬಿಳಿ ನಿಲುವಂಗಿ ತೊಟ್ಟ ಎಳೆಯ ಎಂಜಿನಿಯರುಗಳು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಈಗ ದೇಶದ ದೊಡ್ಡ ಶುಭ್ರಕೋಣೆಗಳಲ್ಲೊಂದಿದೆ. ಒಳಹೋಗುವವರು ಹತ್ತಿ, ಉಣ್ಣೆಯ ಬಟ್ಟೆಯನ್ನು ಪೂರ್ತಿ ಮುಚ್ಚುವ, ನಾರು ಉದುರದ ಕವಚ ತೊಡಬೇಕು. ಶೋಧಕದ ಪೂರ್ವಜರಿಗೆ ಅಲ್ಲಿ ಪ್ರವೇಶವಿಲ್ಲ!

ಇನ್ನು ಚಳ್ಳಕೆರೆಗೆ ಬರೋಣ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಕೊಟ್ಟ ಜಾಗದ ಉದ್ದೇಶವನ್ನು ‘ವಿಶೇಷ ವಸ್ತು ಸಂವರ್ಧನಾ ಘಟಕ’ ಎಂದು ಹೆಸರಿಸಲಾಗಿದೆ. ಸಂವರ್ಧನೆಯೆಂದರೆ ಯುರೇನಿಯಮ್ಮಿನಲ್ಲಿ ಬೇಕಾದ ಪರಮಾಣುಗಳ ಪಾಲು ಹೆಚ್ಚಿಸುವುದು. ಇಂಥ ಘಟಕಗಳಲ್ಲಿ ಯುರೇನಿಯಂ ಇರುವುದು ಸಾಮಾನ್ಯವಾಗಿ ಹೆಕ್ಸಾಫ್ಲೋರೈಡ್ ಎಂಬ ಅನಿಲದ ರೂಪದಲ್ಲಿ. ಯಂತ್ರದೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಎಲ್ಲಾದರೂ ಬಿರುಕು ಬಿಟ್ಟರೆ ಗಾಳಿ ಒಳಕ್ಕೆ ನುಗ್ಗುತ್ತದೆಯೇ ಹೊರತು ಅನಿಲ ಹೊರಕ್ಕೆ ಬರುವುದು ಕಡಿಮೆ; ಅದು ಸಮಾಧಾನದ ಸಂಗತಿ. ಆದರೆ ತುಂಬಿಟ್ಟ, ಕಾಯಿಸಿದ ಸಿಲಿಂಡರುಗಳ ವಿಷಯ ಬೇರೆ. 1986ರ ಜನವರಿ 4ರಂದು ಅಮೆರಿಕದ ಒಕ್ಲಹೋಮಾ ರಾಜ್ಯದ ಗೋರ್ ಎಂಬಲ್ಲಿ ಅಂಥ ಸಿಲಿಂಡರ್ ಒಡೆದು ಒಬ್ಬ ಕಾರ್ಮಿಕ ಸತ್ತ. ಕೊಂದದ್ದು ವಿಕಿರಣವಲ್ಲ. ಹೆಕ್ಸಾಫ್ಲೋರೈಡ್ ಗಾಳಿಯ ತೇವ ಮುಟ್ಟಿದೊಡನೆ ಎರಡಾಗಿ ಒಡೆಯುತ್ತದೆ: ಒಂದು ಯುರೇನಿಯಂ ಇರುವ ನವಿರು ಪುಡಿ, ಇನ್ನೊಂದು ಹೈಡ್ರೋಜನ್ ಫ್ಲೋರೈಡ್ ಎಂಬ ಉಗ್ರ ಅನಿಲ. ಪುಡಿಯನ್ನು ಹೆಪಾ ಹಿಡಿಯುತ್ತದೆ. ಅನಿಲವನ್ನು ಹಿಡಿಯುವುದಿಲ್ಲ, ಅಷ್ಟೇ ಅಲ್ಲ, ಗಾಜನ್ನು ತಿನ್ನುವ ಆ ಅನಿಲ ಗಾಜಿನೆಳೆಯ ಶೋಧಕವನ್ನೇ ಹಾಳುಮಾಡಬಲ್ಲದು. ಅದಕ್ಕೆ ಕ್ಷಾರದ ದ್ರಾವಣದಲ್ಲಿ ತೊಳೆಯುವ ಬೇರೆ ಏರ್ಪಾಡು ಬೇಕು. ಹತ್ತಿಗೆ ಒಂದು ಕೆಲಸ, ಇದ್ದಿಲಿಗೆ ಇನ್ನೊಂದು ಎಂದು ಟಿಂಡಾಲ್ ಮಾಡಿಟ್ಟ ವಿಂಗಡಣೆ ಇಲ್ಲೂ ಹಾಗೆಯೇ ನಿಂತಿದೆ.

ಆದ್ದರಿಂದ ‘ಅತ್ಯಾಧುನಿಕ ಶೋಧಕಗಳಿವೆ, ಭಯ ಬೇಡ’ ಎಂಬಷ್ಟು ಮಾತು ಸುತ್ತಲ ಹಳ್ಳಿಯವರಿಗೆ ಸಾಲದು. ಶೋಧಕವನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿದರೆ ಮುಗಿಯಲಿಲ್ಲ. ಕೂರಿಸಿದ ಜಾಗದಲ್ಲೇ ಕಾಲಕಾಲಕ್ಕೆ ಹೊಗೆ ಬಿಟ್ಟು ನೋಡಬೇಕು. ಚೌಕಟ್ಟಿನ ರಬ್ಬರು ಪಟ್ಟಿಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಶೇ 99.97 ಎಂಬುದು ಕಾಗದದ ಮೇಲಿನ ಮಾತಾಗುತ್ತದೆ. ಆ ಪರೀಕ್ಷೆ ನಡೆಯಿತೆ, ಫಲಿತಾಂಶವೇನು ಎಂದು ಹೊರಗಿನವರೊಬ್ಬರು ನೋಡಿ ಹೇಳಬೇಕು. 2000ದವರೆಗೆ ಭಾಭಾ ಕೇಂದ್ರದ ಘಟಕಗಳ ಸುರಕ್ಷತೆಯ ಮೇಲೂ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಣಿತ್ತು. ಆ ವರ್ಷ ಹೊಣೆಯನ್ನು ಮಂಡಳಿಯಿಂದ ತೆಗೆದು ಕೇಂದ್ರದ ಸ್ವಂತ ಸುರಕ್ಷತಾ ಸಮಿತಿಗೆ ಒಪ್ಪಿಸಲಾಯಿತು. ದೇಶದ ಭದ್ರತೆಗೆ ಗುಟ್ಟು ಬೇಕಿರಬಹುದು. ಆದರೆ ಎಷ್ಟು ಯುರೇನಿಯಂ ತಯಾರಾಯಿತು ಎಂಬುದು ಗುಟ್ಟಾದರೆ, ಬೇಲಿಯಾಚೆಯ ಗಾಳಿ ಹೇಗಿದೆ ಎಂಬುದೂ ಗುಟ್ಟಾಗಿರಬೇಕೆ?

ಕಾವಲುಗಳ ಸುತ್ತ ಗೋಡೆ ಎದ್ದಾಗ ಮೊದಲು ಹೊರಗುಳಿದದ್ದು ಕುರಿಗಳು. ಮೇವಿನ ನೆಲದ ವಿವಾದ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋಯಿತು. ಮರುವರ್ಷ ತೀರ್ಪು ಬಂತು, ಯೋಜನೆಗಳು ಮುಂದುವರಿದವು. ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ, ಉಣ್ಣೆ ಕಡಿಮೆಯಾದರೆ ಮಗ್ಗ ಸುಮ್ಮನೆ. ಕಂಬಳಿ ನೇಕಾರರ ಲೆಕ್ಕ ಅಷ್ಟೇ ಸರಳ.

ನಾಯಕನಹಟ್ಟಿ ಸಮೀಪದ ಕುದಾಪುರದಲ್ಲಿ, ವಿಜ್ಞಾನ ಸಂಸ್ಥೆಯ ಎರಡನೆಯ ಆವರಣದೊಳಗೆ, ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುವ ಕೇಂದ್ರದ ಜೊತೆ ಒಂದು ಹವಾಮಾನ ವೀಕ್ಷಣಾಲಯವೂ ಇದೆ. ದೊಡ್ಡ ಪೇಟೆಗಳಿಂದ ದೂರವಿರುವ ಈ ಬಯಲಿನ ಗಾಳಿಯಲ್ಲಿ ಏನೇನು ತೇಲುತ್ತಿದೆ ಎಂದು ಅಳೆಯುವುದು ಅದರ ಕೆಲಸ. ಇಂಥ ವೀಕ್ಷಣಾಲಯಗಳಲ್ಲಿ ಬಳಸುವ ಉಪಕರಣಗಳಲ್ಲಿ ಈಥಲೋಮೀಟರ್ ಎಂಬುದೊಂದು. ಅದನ್ನು 1980ರ ದಶಕದಲ್ಲಿ ರೂಪಿಸಿದವರಲ್ಲಿ ಒಬ್ಬರ ಹೆಸರೂ ಹ್ಯಾನ್ಸನ್. ಉಣ್ಣೆಯ ಹ್ಯಾನ್ಸನ್ ಅಲ್ಲ, ಬರ್ಕ್‌ಲಿಯವರು. ಅದರೊಳಗೂ ಒಂದು ಶೋಧಕವಿದೆ, ಸ್ಫಟಿಕದೆಳೆಯ ಪಟ್ಟಿ. ಗಾಳಿ ಸ್ವಚ್ಛವಾಗಲೆಂದಲ್ಲ, ಪಟ್ಟಿ ಕೊಳೆಯಾಗಲೆಂದೇ ಅದನ್ನು ಇಟ್ಟಿರುತ್ತಾರೆ. ಗಾಳಿ ಹಾಯ್ದಂತೆ ಪಟ್ಟಿಯ ಮೇಲೆ ಮಸಿಯ ಚುಕ್ಕೆ ಮೂಡುತ್ತದೆ; ಚುಕ್ಕೆಯ ಮೂಲಕ ಬೆಳಕು ಹಾಯಿಸಿ ಅದು ಎಷ್ಟು ಕಪ್ಪಾಯಿತೆಂದು ನೋಡಿದರೆ ಗಾಳಿಯಲ್ಲಿದ್ದ ಮಸಿಯ ಅಳತೆ ಸಿಗುತ್ತದೆ. ಒಂದು ಚುಕ್ಕೆ ಹೆಚ್ಚು ಕಪ್ಪಾದೊಡನೆ ಪಟ್ಟಿ ತಾನಾಗಿ ಮುಂದೆ ಸರಿದು ಇನ್ನೊಂದಕ್ಕೆ ಜಾಗ ಕೊಡುತ್ತದೆ. ಸೌದೆ ಒಲೆಯ ಹೊಗೆ, ಹೊಲದಲ್ಲಿ ಕೂಳೆ ಸುಟ್ಟದ್ದು, ಹೆದ್ದಾರಿಯ ಡೀಸೆಲ್ ಲಾರಿ, ಎಲ್ಲವೂ ಆ ಬಿಳಿ ಪಟ್ಟಿಯ ಮೇಲೆ ಚುಕ್ಕೆಗಳಾಗಿ ಸಾಲುಗಟ್ಟುತ್ತವೆ.